ಕ್ಲೀನಾಳ ಹೆಸರಿನ ಓಟ

…ತಪ್ಪು ನಿಮ್ಮದೇ ಕಣೋ ಫಿನ್‌ಬಾರ್, ಸುತ್ತಿ ಬಳಸಿ ಹೇಳಲ್ಲ. ಏಳು ವರ್ಷ ಊರಿಗೆ ಊರೇ ನನ್ನ ಮಗಳ ಹೆಸರಲ್ಲಿ, ಅವಳ ಕಾಯಿಲೆಗೆ ಅಂತ ದುಡ್ಡು ಎತ್ತೋಕೆ, ಓಡಿತು. ಅವಳನ್ನ ಮಾತ್ರ ಓಟ ಮುಗಿಯೋ ಗೆರೆ ಹತ್ರ ಕುರ್ಚಿ ಮೇಲೆ ಕೂರಿಸಿದ್ರಿ. ಕಾಲ ಮೇಲೆ ಕಂಬಳಿ. ಮಡಿಲಲ್ಲಿ ಪದಕದ ಡಬ್ಬಿ.

ನೀನು ನಿನ್ನ ಪಾಡಿಗೆ ಪಿನ್ನು ಚುಚ್ಚು, ನಾನು ಬೇಡ ಅಂದೆನಾ. ನಾಳೆ ಬೆಳಿಗ್ಗೆ ಓಟ, ಓಡೋರ ಎದೆಗೆ ಹಾಕೋ ನಂಬರು ಚೀಟಿ ಇನ್ನೂ ಇನ್ನೂರು ಬಾಕಿ, ಕಾಣ್ತಿದೆ. ಆಟದ ಕ್ಲಬ್ಬಿನ ಕಾರ್ಯದರ್ಶಿ ನೀನು. ಅದಕ್ಕೇ ನಿನ್ನ ಹತ್ರ ಬಂದೆ.

ಯಾರ್ಯಾರು ಓಡಿದ್ರು, ಹೇಳ್ಲಾ? ಮಾಂಸದಂಗಡಿ ಡೋನಲ್ ಓಡಿದ, ಏಪ್ರನ್ನೂ ಬಿಚ್ಚದೆ. ಪಾದ್ರಿಗಳು ಓಡಿದ್ರು, ಎರಡೂ ಮಂಡಿ ಬದಲಾಯಿಸಿಕೊಂಡ ಮನುಷ್ಯ. ಕೊನೊಲಿಯವರ ಕುರಿ ಕಾಯೋ ನಾಯಿಗೂ ನಂಬರು ಕೊಟ್ಟೆ ನೀನು, ನೂರ ಹದಿನಾಲ್ಕು. ನಾಯಿ ಐದು ಕಿಲೋಮೀಟರ್ ಓಡಿ ಬಂದು ಕ್ಲೀನಾಳ ಕೈಯಿಂದ ಪದಕ ಹಾಕಿಸಿಕೊಂಡಿತು. ಪೇಪರಲ್ಲಿ ಫೋಟೋ ಬಂತು.

ಯಾಕೆ ನಗ್ತೀಯ? ಬಾಯಲ್ಲಿ ಪಿನ್ನು ಇಟ್ಕೊಂಡು ನಗಬೇಡ ಮಾರಾಯ. ನುಂಗಿದ್ರೆ ನಿನ್ನ ಹೆಸರಲ್ಲೂ ಒಂದು ಓಟ ಏರ್ಪಾಡು ಮಾಡಬೇಕಾಗುತ್ತೆ.

ಸಿಸ್ಟಿಕ್ ಫೈಬ್ರೋಸಿಸ್ ಅಂತ ಬ್ಯಾನರಿನ ಮೇಲೆ ಇಷ್ಟು ದೊಡ್ಡದಾಗಿ ಬರೆಸಿದ್ದೀಯಲ್ಲ, ಏನದು ಅಂತ ಯಾವತ್ತಾದ್ರೂ ಕೇಳಿದ್ದೀಯಾ? ಹುಟ್ಟಿದಾಗಿನಿಂದ ಎದೆಯೊಳಗೆ ಕಫ ಅಂಟಿನ ಹಾಗೆ ಹಿಡಿದಿರುತ್ತೆ. ಬೆಳಿಗ್ಗೆ ಸಂಜೆ ಊದಿಸಿ, ಕೆಮ್ಮಿಸಿ ಕೀಳಬೇಕು. ಸುಮ್ಮನೆ ಕೂತ್ರೆ ಇನ್ನಷ್ಟು ಗಟ್ಟಿಯಾಗುತ್ತೆ. ಓಡಬೇಕು, ಕುಣೀಬೇಕು, ಮೇಲುಸಿರು ಬರಬೇಕು, ಆಗ ಅಲ್ಲಾಡುತ್ತೆ. ಕೆಮ್ಮು ಬರುತ್ತೆ. ಬರಲಿ. ಕೆಮ್ಮಿದ್ರೆ ತಾನೆ ಹೊರಗೆ ಬೀಳೋದು. ಬೆವರಲ್ಲಿ ಉಪ್ಪು ಜಾಸ್ತಿ ಹೋಗುತ್ತೆ, ಆಸ್ಪತ್ರೆಯವರು ಹೇಳಿದಷ್ಟು ಉಪ್ಪು ಬೆರೆಸಿ ನೀರು ಕೊಟ್ರೆ ಆಯ್ತು. ಇಷ್ಟೇ. ಇಷ್ಟು ಗೊತ್ತಿಲ್ಲದೆ ಏಳು ವರ್ಷ ಓಡಿದ್ರಿ.

ಮಂಗಳವಾರ ಆಸ್ಪತ್ರೆಗೆ ಹೋಗಿದ್ವಿ. ಊದೋ ಯಂತ್ರದಲ್ಲಿ ಊದಿಸಿದ್ರು. ಉಸಿರಿನ ಬಲ ಹೋದ ವರ್ಷ ನೂರಕ್ಕೆ ಎಂಬತ್ತೊಂದು ಇತ್ತು. ಈಗ ಅರವತ್ತೆಂಟು. ಹದಿನಾಲ್ಕು ವರ್ಷದ ಹುಡುಗಿ, ಫಿನ್‌ಬಾರ್. ವ್ಯಾಯಾಮ ಹೇಳಿಕೊಡೋಳು ಬ್ರೋನಾ ಅಂತ, ಹೊಸಬಳು. ಅಪ್ಪನನ್ನ ಬಿಟ್ಟು ಹುಡುಗಿಯನ್ನೇ ಕೇಳೋಳು. "ಓಡ್ತೀಯಾ?" ಅಂದ್ಲು. ಇಲ್ಲ ಅಂದ್ಲು ಕ್ಲೀನಾ. ಆಮೇಲೆ ನನ್ನ ಕಡೆ ತಿರುಗಿ, "ಫಾಕ್ನಾ, ಇವಳಿಗೆ ಓಡಬೇಡ ಅಂದವರು ಯಾರು?"

ನಮ್ಮೂರಿನವರು ಅಂದೆ. ಒಳ್ಳೇ ಜನ, ಆದ್ರೆ ಕೂರಿಸಿಬಿಡ್ತಾರೆ ಅಂದೆ.

ಕ್ಲೀನಾನಾ? ಅವಳು ಬಗ್ಗಿ ಬೂಟಿನ ದಾರ ಕಟ್ಕೊಂಡಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಕಾರಲ್ಲಿದ್ದಾಳೆ. ಕಿಟಕಿ ಏರಿಸ್ಕೊಂಡು ಕೂತಿರು ಅಂದಿದ್ದೀನಿ, ಸಮುದ್ರದ ಗಾಳಿ… ಆ ಸದ್ದಾ? ಯಾರೋ ನಿಮ್ಮ ಗೋಡೆಗೆ ಚೆಂಡು ಹೊಡೀತಿದ್ದಾರೆ. ಯಾರ ಮಕ್ಕಳೋ, ಹಾಕಿ ಥರದ ಹರ್ಲಿಂಗ್ ಆಟದ ಕೋಲು ಹಿಡ್ಕೊಂಡು. ಶನಿವಾರ ಅಲ್ವಾ.

ಯಾಕೆ ಎದ್ದೆ? ನಾನು ಮಾತಾಡ್ತಾ ಇದ್ದೀನಿ, ನೀನು ಬೀರುವಿನ ಬಾಗಿಲು ತೆಗೀತೀಯಲ್ಲ. ಬಾಯಿಂದ ಪಿನ್ನು ತೆಗೆದ್ಯಲ್ಲ, ಈಗಲಾದ್ರೂ ಏನಾದ್ರೂ ಅನ್ನು.

ಏನಿದು.

ಓ.

ಹೀಗೆ ಮೇಜಿನ ಮೇಲೆ ಸಾಲಾಗಿ ಹಾಸಬೇಕಾಗಿರಲಿಲ್ಲ… ನಂಬರು ಚೀಟಿಗಳು, ಎಲ್ಲದರ ಮೇಲೂ ಕ್ಲೀನಾ ಅಂತ ಹೆಸರು. ಎಲ್ಲದರ ಮೇಲೂ ಒಂದನೇ ನಂಬರು. ಇದು ಅಂಗೈ ಅಗಲ, ಏಳು ವರ್ಷದ ಮಗುವಿಗೆ ಅಂತ ಕತ್ತರಿಸಿದ್ದು. ಇದು ಅದರ ಮುಂದಿನ ವರ್ಷದ್ದು. ಇದು… ಎಂಟು ಇದೆಯಲ್ಲೋ. ನಾಳೇದೂ ಮಾಡಿದ್ದೀಯ. ಒಂದರಲ್ಲೂ ಪಿನ್ನಿನ ತೂತಿಲ್ಲ. ನಾನು ವಾಪಸ್ ಕೊಟ್ಟಾಗೆಲ್ಲ ನೀನು ಎಸೀತೀಯ ಅಂದ್ಕೊಂಡಿದ್ದೆ.

ಪ್ರತಿ ವರ್ಷ ಈ ಬಾಗಿಲಲ್ಲಿ ನಿಂತು "ಈ ಸಲ ಬೇಡ ಫಿನ್‌ಬಾರ್, ಕಫ ಜಾಸ್ತಿ ಇದೆ" ಅಂದವನು ಯಾರು ಅಂತ ಕೇಳು. ಕೇಳಲ್ಲ ನೀನು. ಮೂಲೇಲಿರೋ ಆ ಕುರ್ಚಿ ಕಡೆ ನೋಡ್ತೀಯ. ಹೌದು, ನಮ್ಮ ಅಡುಗೆಮನೇದು. ಕಂಬಳಿ ನಮ್ಮಮ್ಮಂದು. ಹೊತ್ತು ತಂದವನು ನಾನೇ.

ಮೊದಲನೇ ಓಟದ ಹಿಂದಿನ ವಾರ ಅವಳು ಹಾಲಿನ ಡೇರಿಯಿಂದ ನಮ್ಮ ಗೇಟಿನ ತನಕ ಓಡಿದ್ಲು. ನಾನು ಹಿಂದೆ. ಗೇಟು ಹಿಡ್ಕೊಂಡು ಕೆಮ್ಮಿದ್ಲು. ನಿಲ್ಲಲೇ ಇಲ್ಲ. ಮುಖ ನೀಲಿಗಟ್ಟಿತು, ವಾಂತಿ ಆಯ್ತು. ಎತ್ಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಎದೆ ಪರೀಕ್ಷೆ ಮಾಡಿ ಏನಂದ್ರು ಗೊತ್ತಾ? "ಎಷ್ಟು ಕಫ ಬಂದಿದೆ ನೋಡಿ, ಒಳ್ಳೇದಾಯ್ತು. ದಿನಾ ಓಡಿಸಿ." ಆವತ್ತೇ ಅಂದ್ರು. ಏಳು ವರ್ಷದ ಹಿಂದೆ. ಮನೆಗೆ ಬಂದು ಹೆಂಡತಿಗೆ, ಓಡಿಸಬಾರದಂತೆ ಅಂದೆ. ನಿನಗೂ ಅದನ್ನೇ ಅಂದೆ. ಆಸ್ಪತ್ರೆಯಲ್ಲಿ ಕೇಳಿದಾಗೆಲ್ಲ, ಓಡ್ತಾಳೆ ಅಂದೆ.

ಆ ಕೆಮ್ಮು ನನ್ನ ಕೈಲಿ ಕೇಳೋಕಾಗಲಿಲ್ಲ ಕಣೋ. ಅಷ್ಟೇ ವಿಷಯ.

ಚೆಂಡಿನ ಸದ್ದು ನಿಂತಿತು… ಕೇಳಿಸ್ತಾ, ಕೆಮ್ಮು? ಯಾರ ಮಕ್ಕಳೂ ಅಲ್ಲ, ಅವಳೇ. ಕಾರಿನ ಬಾಗಿಲು ತೆಗೆದಿದ್ದು ನನಗೆ ಆಗಲೇ ಕೇಳಿಸಿತ್ತು. ಇನ್ನೂ ಕೆಮ್ತಿದ್ದಾಳೆ. ನಾನು ಏಳ್ತಾ ಇಲ್ಲ ನೋಡು. ಮೇಜು ಹಿಡ್ಕೊಂಡಿದ್ದೀನಿ… ಉಗಿದಳು. ಹಾಂ, ಮತ್ತೆ ಹೊಡೆದಳು.

ನಂಬರು ನನ್ನ ಕೈಗೆ ಕೊಡಬೇಡ. ಜೇಬಿಗೆ ಹಾಕ್ಕೊಂಡು ಮನೆಗೆ ಹೋಗಿಬಿಡ್ತೀನಿ, ನನ್ನ ಬುದ್ಧಿ ನನಗೆ ಗೊತ್ತು. ನಾಲ್ಕು ಪಿನ್ನು ತಗೋ. ನೀನೇ ಹೊರಗೆ ಹೋಗಿ ಅವಳ ಕೈಗೆ ಕೊಡು, ಅವಳೇ ಚುಚ್ಕೊಳ್ಳಲಿ. ಬೇಡ ಅಂದಿದ್ದು ಊರಲ್ಲ, ಅಪ್ಪ ಅಂತ ಹೇಳು. ಅವಳಿಗೆ ಗೊತ್ತಿದೆ. ಆದ್ರೂ ಯಾರಾದ್ರೂ ಬಾಯಿಬಿಟ್ಟು ಹೇಳಬೇಕು. ನಾಳೆ ದಾರಿ ಬದೀಲಿ ನಿಂತು ನಾನು "ಸಾಕು ಬಾ ಮಗಳೇ" ಅಂತ ಕೂಗಿದ್ರೆ, ನನ್ನನ್ನ ಹಿಡಿದು ಆ ಕುರ್ಚಿ ಮೇಲೆ ಕೂರಿಸು. ಕಂಬಳಿ ಹೊದಿಸು. ಅವಳನ್ನ ನಿಲ್ಲಿಸಬೇಡ.

ಹೋಗು ಮತ್ತೆ. ನನ್ನ ಮುಖ ಏನು ನೋಡ್ತೀಯ, ಹೋಗಿ ಕೊಡು.