ತೆಗೆಯದ ಷರತ್ತು

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡ ದರ್ಜಿ ಹೆಂಗಸು ರೆಪ್ಪೆ ಮುಚ್ಚಿ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅಣ್ಣ ತಂಗಿ ಬಂದು ಕೂತರು. ತಂಗಿ ಸೇತುವೆ ಕಟ್ಟಿಸುವ ಇಲಾಖೆಯ ಇಂಜಿನಿಯರ್ ಎಂಬುದು ಮಾತಿನಲ್ಲೇ ತಿಳಿಯಿತು.

"ಟೆಂಡರಿನಿಂದ ಒಂದು ಷರತ್ತು ತೆಗೆದ್ರೆ ನಿನ್ನ ಗಂಟೇನು ಹೋಗುತ್ತೆ?" ಅಣ್ಣ ಕೇಳಿದ.

"ಜನ ಓಡಾಡೋ ಮುಂಚೆ ಭಾರ ಹೇರಿ ಪರೀಕ್ಷೆ ಮಾಡ್ಬೇಕು ಅನ್ನೋ ಷರತ್ತು ಅದು. ಟೆಂಡರ್ ಹಾಕೋಕೆ ಕಾದಿರೋ ವಿದೇಶಿ ಕಂಪನಿಗೆ ಅದು ಬೇಡ. ಅದಕ್ಕೇ ಅವರ ರಾಯಭಾರ ಕಚೇರಿಯೋರು ಇಷ್ಟು ಓಡಾಡ್ತಿರೋದು."

"ಮಂತ್ರಿಗಳೇ ಹೂಂ ಅಂದಿದಾರಂತೆ."

"ಲಾರಿ ಹೋಗುವಾಗ ಮಂತ್ರಿಗಳು ಸೇತುವೆ ಕೆಳಗೆ ನಿಂತ್ಕೊಳ್ತಾರಂತಾ?"

"ತಮಾಷೆ ಬೇಡ. ಆ ಕಂಪನಿ ಕಡೆಯೋನೊಬ್ಬ ನನ್ನ ಅಂಗಡಿಗೇ ಬಂದಿದ್ದ. ನಯವಾಗೇ ಮಾತಾಡ್ದ."

"ನಿನ್ನ ಅಂಗಡಿ ಎಲ್ಲಿದೆ ಅಂತ ಅವನಿಗೆ ಯಾರು ಹೇಳಿದ್ರು?"

ದರ್ಜಿಯ ಬೆನ್ನು ತಾನಾಗಿ ನೆಟ್ಟಗಾಯಿತು.

"ಗೊತ್ತಿಲ್ಲ ಕಣೇ. ನನಗೆ ಭಯ ಆಗ್ತಿರೋದೇ ಅದಕ್ಕೆ. ನಿನ್ನನ್ನ ಎಲ್ಲಿಗಾದ್ರೂ ವರ್ಗ ಮಾಡಿ ಎತ್ತಿ ಹಾಕ್ತಾರೆ."

"ಹಾಕ್ಲಿ. ಅಲ್ಲೂ ಹೊಳೆ ಇರುತ್ತೆ, ದಾಟೋ ಜನ ಇರ್ತಾರೆ."

"ಇನ್ನೊಂದ್ಸಲ ಯೋಚನೆ ಮಾಡು."

"ತಡವಾಯ್ತು ಅಣ್ಣ. ಷರತ್ತು ಹಾಗೇ ಇಟ್ಟು ಬೆಳಿಗ್ಗೆನೇ ಟೆಂಡರ್ ಕರೆದಾಯ್ತು."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ನರ್ಸ್ ಅಣ್ಣನನ್ನು ಒಳಗೆ ಕರೆದಳು. ಅವನು ಏಳುತ್ತ ಕೇಳಿದ:

"ನಾಳೆ ಅವನು ಮತ್ತೆ ಬಂದ್ರೆ ಏನು ಹೇಳ್ಲಿ?"

"ನನ್ನ ಆಫೀಸಿಗೆ ಕಳಿಸು. ನಿನ್ನ ಕಿವೀಲಿ ಹೇಳಿದ್ದನ್ನ ಅಲ್ಲಿ ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳ್ಲಿ," ಎನ್ನುತ್ತ ತಂಗಿ ಅವನ ತೋಳು ಹಿಡಿದು ಒಳಗೆ ನಡೆದಳು.