ಬೆಂಕಿ ಬಿದ್ದ ಸೀನು

...ಅಲ್ಲ ರೂಬನ್, ತಲೆ ಎಂತಕ್ಕೆ ಅಲ್ಲಾಡಿಸುವುದು? ಪಿಕ್ಚರ್ ಐವತ್ತೈದು ವರ್ಷ ಹಳೇದಾದರೆ ಎಂತ? ಫ್ಯಾಮಿಲಿ ಕಾಮಿಡಿ! ನಿನ್ನ ಅಣ್ಣ ನಾನು ಕುಲಶೇಖರದಿಂದ ಈ ಫಳ್ನೀರಿಗೆ ಪೆನ್ ಡ್ರೈವ್ ಹಿಡ್ಕೊಂಡು ಸುಮ್ಮನೆ ಬಂದದ್ದಾ? ಸಂಜೆ ನಿನ್ನ ಮೊಮ್ಮಗಳು ಏವ್ರಿಲ್‌ನ ಬರ್ತ್‌ಡೇಗೆ ಹತ್ತು ಮಕ್ಕಳು ಬರ್ತಾರೆ. ಅವರಿಗೆ ತೋರಿಸ್ಬಹುದಾ ಅಂತ ನಾವು ಮೊದಲೇ ನೋಡಿ ಹೇಳ್ಬೇಕಂತೆ. ಬ್ರೆಂಡಾಳ ಆರ್ಡರ್. ನಿನ್ನ ಮಗಳು ಟೀಚರ್ ಅಲ್ವಾ!

ನೋಡು ನೋಡು, ಮಾವನ ಮೀಸೆ ಪಾಯಸಕ್ಕೆ ಬಿತ್ತು! ನಕ್ಕೆ! ನಕ್ಕೆ ನೀನು, ನಾನು ಕಂಡೆ!

ಹ್ಞಾಂ... ಹೆಂಡತಿಯ ಕೆನ್ನೆಗೆ ಹೊಡೆಯುವುದು. ಇದು ಆಗ್ಲಿಕ್ಕಿಲ್ಲ. ನನ್ನ ಹೆಂಡತಿ ಡಾಲಿ ನೋಡಿದರೆ ಟೀವಿ ಒಡೆದು ಹಾಕಿಯಾಳು. ಬರ್ಕೋ, ಕಟ್!

ಇನ್ನು... ರಿಮೋಟ್ ಕೊಡು, ಸ್ವಲ್ಪ ಮುಂದೆ ಓಡಿಸುವ. ಎಂತ ಇಲ್ಲ, ಬೋರು. ಕೊಡು ಮಾರಾಯ... ಕೊಡುದಿಲ್ವಾ? ಸರಿ.

ಮನೆಗೆ ಬೆಂಕಿ ಬಿದ್ದಿದೆ. ಕೆಲಸದವನಿಗೆ ತೊದಲು. 'ಬೆ... ಬೆ...' ಅಂತಾನೆ. ಸೊಸೆ ಬೆಲ್ಲ ತರ್ತಾಳೆ, ಅತ್ತೆ ಬೆಣ್ಣೆ, ಅಜ್ಜಿ ಬೆಂಡೆಕಾಯಿ! ಹ್ಹ ಹ್ಹ... ಇಡೀ ಟಾಕೀಸ್ ಬಿದ್ದು ಬಿದ್ದು ನಕ್ಕಿತ್ತು. ನೀನು... ನಗ್ಲಿಲ್ವಾ ಆ ದಿನ?

ಹೌದು, ಗೊತ್ತುಂಟು. ನಿನಗಾಗ ಒಂಬತ್ತು ವರ್ಷ, ನಿನಗೂ ತೊದಲು. ಮರುದಿನದಿಂದ ಇಡೀ ಶಾಲೆ ನಿನ್ನನ್ನು 'ಬೆಬೆ' ಅಂತ ಕರೀಲಿಕ್ಕೆ ಶುರು. ಅದು ಶುರು ಮಾಡಿದ್ದು ನಿನ್ನ ಕ್ಲಾಸಿನ ಆ ಡೆನ್ಜಿಲ್! ಅಮ್ಮನ ಹತ್ರ ಆಗಲೇ ಹೇಳಿದ್ದೆನಲ್ಲ? ಆಮೇಲೆ ನೀನು ಇಗರ್ಜಿಯಲ್ಲಿ ಬೈಬಲ್ ಓದುವುದೇ ಬಿಟ್ಟೆ. ಫಾದರ್ ಎಷ್ಟು ಕರೆದರೂ ಹೋಗ್ಲಿಲ್ಲ. ಬ್ರೆಂಡಾಳ ಮದುವೆಯಲ್ಲಿ ಸಹ ಹಾರೈಸುವ ಟೋಸ್ಟ್ ಭಾಷಣ ನಾನೇ ಮಾಡಿದ್ದು. ಅಪ್ಪ ನೀನಿದ್ದು...

ಎಂತ ಹಾಗೆ ನೋಡ್ತಿ? ಡೆನ್ಜಿಲ್ ಅಂದೆನಲ್ಲ... ಆಯ್ತು, ಅವ ಪಿಕ್ಚರ್ ನೋಡಿರ್ಲಿಲ್ಲ. ಹೋದದ್ದು ನಾವಿಬ್ಬರೇ. ಎಂತಾದ್ರೂ ಹೇಳು ಮಾರಾಯ! ಬೈ ಬೇಕಾದರೆ...

ನಿನಗೆ ಗೊತ್ತಿತ್ತಾ? ಇಷ್ಟು ವರ್ಷ?

ನಾನೇ ರೂಬನ್. ಶಾಲೆಯ ಅಂಗಳದಲ್ಲಿ, ಬೆಲ್ ಹೊಡೆಯುವ ಮೊದಲು, ನೀನು ಮಾತಾಡುವ ಹಾಗೆ ಮಾಡಿ ತೋರಿಸಿದ್ದು ನಾನು. ಎಲ್ಲರೂ ನಕ್ಕರು. ನನಗೆ ಖುಷಿಯಾಯ್ತು... ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಬಂದ್ ಮಾಡು ಅದನ್ನು. ಮಕ್ಕಳಿಗೆ ಬೇಡ. ಯಾಕೆ ಬೇಡ ಅಂತ ಬ್ರೆಂಡಾಳಿಗೆ ನಾನೇ ಹೇಳ್ತೇನೆ.

ಎಂತ?... ಹೇಳು. ನಿಧಾನ ಹೇಳು. ನಾನು ಮಧ್ಯದಲ್ಲಿ ಬಾಯಿ ಹಾಕುವುದಿಲ್ಲ.