ತಡೀರಿ, ಹುಡುಕಾಕತ್ತೇನಿ

ಬಬಲೇಶ್ವರದ ಬಸ್ಸಿಗೆ ಕಾದೂ ಕಾದೂ ಚಂದ್ರಾಬಾಯಿ ಬೇಸತ್ತಿದ್ದಳು. ಅವಳ ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಕುಳಿತಿದ್ದರು: ಗೌತಮಿ, ಆಕೆಯ ಸಹಪಾಠಿ ಮಿಲಿಂದ. ಅವನು ಕೇಳಿದ:

"ಬೋರ್‌ವೆಲ್ ಮಾಹಿತಿ ಹುಡುಕಾಕ ನೀ ರಸ್ಟ್ ಕೋಡಿನಾಗ ಬರದ ಟೂಲ್ ಏನಾತು?"

"ನಮ್ಮ ಆಫೀಸಿನ್ಯಾಗ ಒಂದು ಕಂಪನಿ ಕ್ಲೌಡ್ ಸರ್ವಿಸ್ ಜೋಡಿ ಹೋಲಿಸಿ ನೋಡಿದ್ರು. ರೊಕ್ಕಾ ಕೊಟ್ಟು ಆ ಸರ್ವಿಸನ್ನ ತಗೊಂಡ್ರು."

"ನಿಂದು ಪುಕ್ಕಟೆ ಇತ್ತಲ್ಲ!"

"ಪುಕ್ಕಟೆ ಮಾಲಿಗೆ ಕಿಮ್ಮತ್ತಿಲ್ಲಂತ. ಇವತ್ತ ಎಲ್ಲಾರ ಮುಂದ ಕ್ಲೌಡ್ ಚಾಲೂ ಮಾಡಿದ್ರು. ಪರದೆ ಮ್ಯಾಲ 'ತಡೀರಿ, ಹುಡುಕಾಕತ್ತೇನಿ' ಅಂತ ಬಂತು."

ಮಿಲಿಂದ ಹೌಹಾರಿದ. "ಅದು ನಿನ್ನ ಟೂಲಿನಾಗ ನೀನ ಬರದ ಸಾಲಲ್ಲ?"

"ಹೂಂ. ಆ ಕಂಪನಿಯವ್ರು ನನ್ನ ಟೂಲನ್ನ ಒಳಗ ಹಾಕ್ಕೊಂಡಾರ. ಆ ಸಾಲು ಅಳಸಾಕ ಮರತಾರ."

"ಜಗಳಾ ತಗೀಬೇಕಿಲ್ಲ?"

"ಹೆಂಗ ತಗೀಲಿ? ಓಪನ್ ಸೋರ್ಸ್ ಐತಿ. ಯಾರ ಬೇಕಾದ್ರೂ ತಗೊಳ್ರಿ ಅಂತ ನಾನ ಬರದುಕೊಟ್ಟೇನಿ."

ಚಂದ್ರಾಬಾಯಿಯ ಬಸ್ಸು ಬಂದು ನಿಂತು ಹೊರಟೇಹೋಯಿತು. ಇವರ ಮಾತಿಗೆ ಕಿವಿಗೊಟ್ಟಿದ್ದ ಅವಳು ಏಳಲಿಲ್ಲ.

"ಸಾಹೇಬ್ರು ಏನಂದ್ರು?"

"'ನೋಡಿ ಕಲಿಯವ್ವಾ ಗೌತಮಿ, ಅದಕ್ಕ ನಮ್ಮ ಮಾತು ಸುದ್ದಾ ಬರತೈತಿ' ಅಂದ್ರು."

ತಿಕೋಟಾ ಬಸ್ಸು ಬಂತು. ಗೌತಮಿ, ಮಿಲಿಂದ ಇಬ್ಬರೂ ಎದ್ದರು.

"ನೀ ಏನ ಮಾಡಿದಿ?"

"ಎಲ್ಲಾರೂ ಚಪ್ಪಾಳಿ ಹೊಡದ್ರು," ಎಂದು ಗೌತಮಿ ಮೆಟ್ಟಿಲೇರಿದಳು. "ನಾನೂ ಹೊಡದೆ."